ಮಾಸಿನ ಜಾತಕ ಬರೆದವರು

ಸಂತಾಪ ಸಭೆಯಲ್ಲಿ ನನ್ನನ್ನೂ ಎರಡು ಮಾತಾಡಿ ಎಂದು ಕರೆದಿದ್ದರು. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅವತ್ತು ಆಡದೆ ಉಳಿದ ಮಾತನ್ನು ಇಷ್ಟು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಈಗ ಗಂಟಲಿಗೇನೂ ಆಗಿಲ್ಲ.

ರಾಜಾಜಿನಗರದ ಒಂದು ಸಣ್ಣ ಸಭಾಂಗಣ. ವೇದಿಕೆಯ ಮೇಲೆ ಡಾಕ್ಟರ ದೊಡ್ಡ ಫೋಟೊ, ಅದಕ್ಕೊಂದು ಗಂಧದ ಹಾರ. ಫೋಟೊದಲ್ಲೂ ಟೈ. ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಒಬ್ಬರಂತೂ ಅವರನ್ನು ಋಷಿ ಎಂದೇ ಕರೆದರು. ಋಷಿಗಳು ಏಪ್ರಿಲ್ ತಿಂಗಳ ಬಿಸಿಲಲ್ಲಿ ಟೈ ಬಿಗಿದುಕೊಂಡು, ಇಡ್ಲಿಯನ್ನು ಫೋರ್ಕಿನಲ್ಲಿ ಚುಚ್ಚಿ ಪುಡಿ ಮಾಡಿಕೊಂಡು, ಆ ಪುಡಿಯನ್ನು ಸ್ಪೂನಿನಲ್ಲಿ ಬಳಿದು ತಿನ್ನುತ್ತಿದ್ದರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ನಾನು ಅವರ ಕೈಕೆಳಗೆ ಮೂರು ವರ್ಷ ಕತ್ತರಿ ಹಿಡಿದವಳು. ಆಗ ಎಂಬತ್ತರ ದಶಕದ ನಡುಭಾಗ ದಾಟಿತ್ತು. ಬಿ.ಎಸ್ಸಿ. ಮುಗಿಸಿ, ಕೆಂಗೇರಿಯ ಮನೆಯಲ್ಲಿ ಅಜ್ಜಿಯಿಂದ ಬೈಸಿಕೊಳ್ಳುತ್ತಾ ಕೂತಿದ್ದಾಗ ಈ ಕೆಲಸ ಸಿಕ್ಕಿತು. ರಾಜಾಜಿನಗರದಲ್ಲೊಂದು ನರ್ಸಿಂಗ್ ಹೋಮ್, ಅದರ ಮಹಡಿಯ ಮೇಲೆ ಎರಡು ಕೋಣೆಯ ಲ್ಯಾಬು. ಡಾಕ್ಟರು ಹೊರದೇಶದಲ್ಲಿ ಹನ್ನೊಂದು ತಿಂಗಳಿದ್ದು ಒಂದು ಹೊಸ ವಿದ್ಯೆ ಕಲಿತು ಬಂದಿದ್ದರು. ಬಸಿರಾಗಿ ಎರಡೂವರೆ ತಿಂಗಳಾಗುತ್ತಲೇ ಸಣ್ಣ ನಳಿಕೆಯೊಂದನ್ನು ತೂರಿಸಿ, ಮಾಸಿನಿಂದ ಒಂದು ಚೂರು ತೆಗೆದು, ಹೊಟ್ಟೆಯಲ್ಲಿರುವ ಮಗು ನೆಟ್ಟಗಿದೆಯೋ ಇಲ್ಲವೋ ಹೇಳುವ ವಿದ್ಯೆ. ಮಾಸು ಅಂದರೆ ಒಳಗೆ ಮಗುವಿಗೆ ಅನ್ನ ನೀರು ಒದಗಿಸಿ, ಹೆರಿಗೆಯಾದ ಮೇಲೆ ತಾನೂ ಹೊರಗೆ ಬೀಳುವುದಲ್ಲ, ಅದೇ. ನಮ್ಮ ಕಡೆ ಅದನ್ನು ಮಡಕೆಯಲ್ಲಿಟ್ಟು ಹಿತ್ತಲಲ್ಲಿ ಹೂಳುತ್ತಾರೆ.

ನನ್ನ ಕೆಲಸ ಏನೆಂದು ಅಜ್ಜಿಗೆ ವಿವರಿಸಿದೆ. ಅವಳು ಹುಣಿಸೆಹಣ್ಣು ಬಿಡಿಸುತ್ತಾ ಕೇಳಿಸಿಕೊಂಡಳು.

"ಹೂಳೋ ಮಾಸಿಗೂ ಜಾತಕ ಬರೀತಾರೇನೇ?" ಅಂದಳು. "ಅದನ್ನ ಬರೆಯೋಕೆ ನಿಂಗೆ ಸಂಬಳ ಬೇರೆ. ಬರೆಸೋನಿಗೆ ಬುದ್ಧಿ ಇಲ್ಲವೋ, ಬರೆಯೋ ನಿಂಗಿಲ್ಲವೋ."

ಜಾತಕ ಬರೆಯುವ ಕ್ರಮ ಹೀಗಿತ್ತು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ನಲವತ್ತಾರು ಎಳೆಗಳು, ಅಂದರೆ ಇಪ್ಪತ್ತಮೂರು ಜೋಡಿ. ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಅವುಗಳ ಫೋಟೊ ತೆಗೆಯುವರು. ಆ ಯಂತ್ರವನ್ನು ಮುಟ್ಟುವ ಅಧಿಕಾರ ಇನ್ನೊಬ್ಬರಿಗೆ ಇರಲಿಲ್ಲ. ಫಿಲ್ಮನ್ನು ಪಕ್ಕದ ಬೀದಿಯ ಸ್ಟುಡಿಯೊದಲ್ಲಿ ತೊಳೆಸಿ ಪ್ರಿಂಟ್ ಹಾಕಿಸಬೇಕು. ಮದುವೆ ಫೋಟೊಗಳ ನಡುವೆ ನಮ್ಮ ಪ್ರಿಂಟುಗಳನ್ನೂ ಕ್ಲಿಪ್ಪಿಗೆ ನೇತುಹಾಕಿರುತ್ತಿದ್ದ ಆ ಸ್ಟುಡಿಯೊದಾತ, "ಏನ್ ಮೇಡಂ, ಈ ವಾರ ಹುಳುಗಳ ಕಡೆ ಮುಹೂರ್ತ ಜೋರಾ?" ಎಂದು ಕೇಳುತ್ತಿದ್ದ. ಪ್ರಿಂಟಿನ ಕವರನ್ನು ಬಿಚ್ಚದೆ ತಂದು ಡಾಕ್ಟರಿಗೆ ಕೊಟ್ಟು, ಅವರ ಕೈ ದಾಟಿ ಬಂದ ಮೇಲೆ ನನ್ನ ಕೆಲಸ. ಒಂದೊಂದು ಎಳೆಯನ್ನೂ ಸಣ್ಣ ಕತ್ತರಿಯಿಂದ ಕತ್ತರಿಸಿ, ಉದ್ದ ನೋಡಿ, ಪಟ್ಟೆ ನೋಡಿ, ಜೋಡಿ ಹುಡುಕಿ, ಕಾರ್ಡಿನ ಮೇಲೆ ಸಾಲಾಗಿ ಅಂಟಿಸುವುದು. ಎರಡು ಇರಬೇಕಾದಲ್ಲಿ ಮೂರು ಬಂದರೆ ಅಲ್ಲೇ ತಪ್ಪು. ಕತ್ತರಿಸಿ ಕತ್ತರಿಸಿ ಇಪ್ಪತ್ತನಾಲ್ಕನೇ ವಯಸ್ಸಿಗೇ ನನಗೆ ಕನ್ನಡಕ ಬಂತು.

ಆದರೆ ನನ್ನ ಕೈಗೆ ಬರುತ್ತಿದ್ದದ್ದು ಇಪ್ಪತ್ತೆರಡು ಜೋಡಿ ಮಾತ್ರ. ಗಂಡೋ ಹೆಣ್ಣೋ ಎಂದು ಹೇಳುವ ಕೊನೆಯ ಜೋಡಿಯನ್ನು ಡಾಕ್ಟರು ಪ್ರಿಂಟಿನಿಂದ ಮೊದಲೇ ಕತ್ತರಿಸಿ ತೆಗೆದುಬಿಡುತ್ತಿದ್ದರು. ಲ್ಯಾಬಿನ ಸ್ಪಿರಿಟ್ ದೀಪ ಹಚ್ಚಿ ಹಚ್ಚಿ ಖಾಲಿಯಾದ ಬೆಂಕಿಪೊಟ್ಟಣಗಳು ಬೇಕಾದಷ್ಟಿದ್ದವು. ಒಬ್ಬೊಬ್ಬರದನ್ನೂ ಒಂದೊಂದು ಪೊಟ್ಟಣಕ್ಕೆ ಹಾಕಿ, ಮೇಲೆ ನಂಬರು ಬರೆದು, ಡ್ರಾಯರಿನಲ್ಲಿಟ್ಟು ಬೀಗ ಹಾಕುವರು. ಬೀಗದ ಕೈ ಜನಿವಾರದಲ್ಲಿ. ಮೇಲೆ ಪಟ್ಟೆ ಪಟ್ಟೆ ವಿಲಾಯಿತಿ ಟೈ, ಕೆಳಗೆ ಜನಿವಾರಕ್ಕೆ ಕಟ್ಟಿದ ಬೀಗದ ಕೈ. ಅವರು ಬಗ್ಗಿದಾಗ ಅದು ಷರಟಿನೊಳಗೆ ಉಬ್ಬಿ ಕಾಣಿಸುತ್ತಿತ್ತು.

ಆ ಕಾಲದಲ್ಲಿ ಎಷ್ಟೋ ಕಡೆ ಇದೇ ಪರೀಕ್ಷೆ ಮಾಡಿ ಗಂಡು ಹೆಣ್ಣು ಹೇಳುತ್ತಿದ್ದರು. ಕೇಳಿಕೊಂಡು ಬಂದವರು ಹೆಣ್ಣಾದರೆ ಏನು ಮಾಡುತ್ತಾರೆಂದು ಗೊತ್ತಿದ್ದೂ ಹೇಳುತ್ತಿದ್ದರು. ನಮ್ಮ ಡಾಕ್ಟರು ಮಾತ್ರ, ಯಾರ ಶಿಫಾರಸು ಹಿಡಿದು ಬಂದರೂ ಸರಿ, ಮೆಟ್ಟಿಲು ಇಳಿಸಿಯೇ ಬಿಡುತ್ತಿದ್ದರು. ನನಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ಅವರ ವಿಷಯದಲ್ಲಿ ನಾನು ಕೈಮುಗಿಯುತ್ತಿದ್ದದ್ದು ಇದೊಂದಕ್ಕೇ.

ಉಳಿದದ್ದಕ್ಕೆಲ್ಲ ನಗುವೇ ಬರುತ್ತಿತ್ತು. ಹನ್ನೊಂದೇ ತಿಂಗಳಿದ್ದು ಬಂದವರು ಹನ್ನೊಂದು ತಲೆಮಾರು ಅಲ್ಲೇ ಇದ್ದವರಂತೆ, "ನಾವು ಅಲ್ಲಿದ್ದಾಗ" ಎಂದೇ ಮಾತು ಶುರು ಮಾಡುತ್ತಿದ್ದರು. ಮಳೆ ಬಂದರೆ ಅಲ್ಲಿಯ ಮಳೆ ಹೀಗಲ್ಲ. ಕರೆಂಟು ಹೋದರೆ ಅಲ್ಲಿಯ ಕತ್ತಲೆಯೂ ಹೀಗಲ್ಲ. ಇಂಗ್ಲಿಷ್ ಬಾರದ ಹೆಂಗಸರ ಮುಂದೆ ಇಂಗ್ಲಿಷ್ ಆಡುವರು; ಇಂಗ್ಲಿಷ್ ಬಲ್ಲವರು ಎದುರಿಗೆ ಕೂತರೆ ಪಠ್ಯಪುಸ್ತಕದ ಕನ್ನಡ. ಒಮ್ಮೆ ಲೆಕ್ಕ ತಪ್ಪಿ ಮಾಗಡಿ ರೋಡಿನ ಹೆಂಗಸೊಬ್ಬಳಿಗೂ ಆ ಕನ್ನಡವನ್ನೇ ಆಡಿ, "ನಿಮ್ಮ ಜರಾಯುವಿನ ವರ್ಣತಂತುಗಳಲ್ಲಿ ದೋಷವಿಲ್ಲ" ಅಂದರು. ಅವಳು ಹೊರಗೆ ಬಂದು ನನ್ನ ಕೈ ಹಿಡಿದು, "ದೋಷ ಇಲ್ವಂತೆ ಅಲ್ವಾ ಅಕ್ಕಾ? ಹಂಗಾದ್ರೆ ನಾಗಪ್ಪಂಗೆ ಹೊತ್ತ ಹರಕೆ ತೀರಿಸ್ಬೇಕಾ, ಬ್ಯಾಡ್ವಾ?" ಎಂದು ಕೇಳಿದಳು. ತೀರಿಸಿಬಿಡಿ ಅಂದೆ. ಡಾಕ್ಟರನ್ನು ಕೇಳಿದ್ದರೆ ಅದಕ್ಕೂ ಒಂದು ಉತ್ತರ ಕೊಟ್ಟಿರುತ್ತಿದ್ದರು.

ಯಾಕೆಂದರೆ ಗೊತ್ತಿಲ್ಲ ಎನ್ನುವ ಪದ ಅವರ ಬಾಯಲ್ಲಿ ಇರಲೇ ಇಲ್ಲ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ಕನ್ನಡಕ ತೆಗೆದು ಟೈಯ ತುದಿಯಿಂದ ನಿಧಾನವಾಗಿ ಒರೆಸುವರು. ಒರೆಸಿ ಮುಗಿಯುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತಿತ್ತು. ಒಂದು ಮಧ್ಯಾಹ್ನ ಮುದುಕರೊಬ್ಬರು ಗೇಟಿನ ಹತ್ತಿರ ನಿಂತು, "ಸಾರ್, ದೀಪಾಂಜಲಿ ನಗರಕ್ಕೆ ಬಸ್ಸು ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಡಾಕ್ಟರು ಸಿಟಿ ಬಸ್ಸು ಹತ್ತಿ ಯಾವ ಕಾಲವಾಗಿತ್ತೋ. ಕನ್ನಡಕ ಒರೆಸಿಕೊಂಡರು, ಕೈ ತೋರಿಸಿದರು. ಆ ಕೈಯಲ್ಲಿ ಎಂಥ ಭರವಸೆಯಿತ್ತೆಂದರೆ ಮುದುಕರು ಎರಡನೇ ಮಾತಾಡದೆ ಹೋಗಿ ಪೀಣ್ಯದ ಬಸ್ಸು ಹತ್ತಿದರು. ಸಂಜೆ ಬೆವರಿಳಿಸಿಕೊಂಡು ವಾಪಸು ಬಂದವರು ಡಾಕ್ಟರ ಕಾರು ಅಲ್ಲಿಲ್ಲವೆಂದು ನೋಡಿಕೊಂಡೇ ನನ್ನನ್ನು ಕೇಳಿದರು: "ನೀನಾದ್ರೂ ಸರಿಯಾಗಿ ಹೇಳಮ್ಮ." ನಾನು ಅವರನ್ನು ಬಸ್ಸಿಗೆ ಹತ್ತಿಸಿಯೇ ಮನೆಗೆ ಹೋದೆ.

ಈ ಕಥೆಯನ್ನು ನಾನು ನೂರು ಸಲ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿಲ್ಲ.

ನಾನು ಸೇರಿದ ಮೊದಲ ವರ್ಷವೇ ವಿಜಯನಗರದಿಂದ ಹೈಸ್ಕೂಲು ಟೀಚರೊಬ್ಬರು ಬಂದರು. ಗಣಿತದ ಮೇಡಂ. ಮದುವೆ ತಡವಾಗಿತ್ತು, ಮೂವತ್ತೊಂಬತ್ತಕ್ಕೆ ಮೊದಲ ಬಸಿರು. ವಯಸ್ಸಾಗಿದೆ, ಒಂದು ಸಲ ನೋಡಿಸಿಕೊಳ್ಳಿ ಎಂದು ಯಾರೋ ಕಳಿಸಿದ್ದರು. ಬೆಂಚಿನ ಮೇಲೆ ಕಾಯುವಾಗಲೂ ಮಡಿಲಲ್ಲಿ ಮಕ್ಕಳ ಟೆಸ್ಟ್ ಪೇಪರು, ಕೈಯಲ್ಲಿ ಕೆಂಪು ಪೆನ್ನು.

"ಏನಮ್ಮಾ, ನಿಮ್ಮ ಡಾಕ್ಟ್ರು ಫಸ್ಟ್ ಕ್ಲಾಸಾ, ಪಾಸ್ ಕ್ಲಾಸಾ?" ಅಂದರು.

"ಡಿಸ್ಟಿಂಕ್ಷನ್ ಅಂತೆ ಮೇಡಂ. ಅವರೇ ಹೇಳ್ತಿರ್ತಾರೆ."

ಆಕೆ ಜೋರಾಗಿ ನಕ್ಕರು. ನನಗೆ ಅವರು ಹಿಡಿಸಿಬಿಟ್ಟರು.

ಅವರ ಮಾಸಿನ ಚೂರಿನಿಂದ ಇಪ್ಪತ್ತು ಜೀವಕೋಶಗಳ ಫೋಟೊ ಬಂತು. ಎಂಟರಲ್ಲಿ ಎಲ್ಲ ಸರಿಯಾಗಿತ್ತು. ಹನ್ನೆರಡರಲ್ಲಿ ಹದಿನಾರನೇ ಜೋಡಿಯ ಜಾಗದಲ್ಲಿ ಮೂರು ಎಳೆ. ಮೂರು ಮೂರು ಸಲ ಎಣಿಸಿ ಕಾರ್ಡು ಕೊಟ್ಟೆ. ಡಾಕ್ಟರು ಗಂಡ ಹೆಂಡತಿಯನ್ನು ಕರೆದು ಕೂರಿಸಿದರು.

"ಈ ಮಗು ಉಳಿಯಲ್ಲ. ಉಳಿದ್ರೂ ಮಗು ಅನ್ನೋ ಹಾಗಿರಲ್ಲ. ತೆಗೆಸಿಬಿಡಿ."

ಗಂಡ ತಲೆ ತಗ್ಗಿಸಿ ಕೂತರು. ಮೇಡಂ ಕಾರ್ಡುಗಳನ್ನು ಪರೀಕ್ಷೆಯ ಪೇಪರಿನಂತೆ ಒಂದೊಂದಾಗಿ ತಿರುವಿ ನೋಡಿದರು.

"ಇಪ್ಪತ್ತಕ್ಕೆ ಎಂಟು ಸರಿ ಇದಾವಲ್ಲ ಸಾರ್," ಅಂದರು. "ನಾನು ನನ್ನ ಹುಡುಗ್ರನ್ನ ಏಳಕ್ಕೇ ಪಾಸ್ ಮಾಡ್ತೀನಿ."

ಡಾಕ್ಟರು ನಗಲಿಲ್ಲ.

"ಇನ್ನೊಂದೂವರೆ ತಿಂಗಳು ಕಾದ್ರೆ, ಮಗು ಸುತ್ತ ಇರೋ ನೀರು ತೆಗೆದು ಇನ್ನೊಂದ್ಸಲ ನೋಡಬಹುದಂತಲ್ಲ. ನಾನು ಕಾಯ್ತೀನಿ ಸಾರ್. ಇಷ್ಟು ವರ್ಷ ಕಾದಿದೀನಿ."

ಡಾಕ್ಟರು ಕನ್ನಡಕ ತೆಗೆದರು. ಟೈಯ ತುದಿ ಹಿಡಿದರು. ಒಂದು ಗಾಜು ಒರೆಸಿದರು, ಇನ್ನೊಂದು ಗಾಜು ಒರೆಸಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಅದು ಹಳೇ ಪದ್ಧತಿ," ಅಂದರು. "ಮಾಸೂ ಮಗೂ ಒಂದೇ ಬೀಜದಿಂದ ಹುಟ್ಟಿದ್ದು. ಅಲ್ಲಿ ಏನಿದೆಯೋ ಇಲ್ಲೂ ಅದೇ. ಸುಮ್ನೆ ಕಾದು ಸಂಕಟ ಜಾಸ್ತಿ ಮಾಡ್ಕೋಬೇಡಿ. ಜೀವಕೋಶ ಸುಳ್ಳು ಹೇಳಲ್ಲ."

ಪೀಣ್ಯದ ಬಸ್ಸು ತೋರಿಸಿದ ಅದೇ ಕೈ. ಅದೇ ಭರವಸೆ.

ಆ ವಾರವೇ ತೆಗೆಸಿದರು. ತೆಗೆದದ್ದರಲ್ಲಿ ಮಗುವಿನ ಭಾಗದ ಒಂದು ಚೂರನ್ನು ಲ್ಯಾಬಿಗೆ ತರಿಸಿ ಮತ್ತೆ ನೋಡುವುದು ನಮ್ಮ ಡಾಕ್ಟರ ಕ್ರಮ. ತಮ್ಮ ಮಾತು ಎಷ್ಟು ಸರಿ ಎಂದು ತಾವೇ ನೋಡಿ ಸಂತೋಷಪಡಲಿಕ್ಕೆ. ಎರಡು ಮೂರು ವಾರ ಬೆಳೆಸಿ, ಫೋಟೊ ತೆಗೆದು, ಕೊನೆಯ ಜೋಡಿಯನ್ನು ಬೆಂಕಿಪೊಟ್ಟಣಕ್ಕೆ ಹಾಕಿ, ಉಳಿದದ್ದನ್ನು ನನಗೆ ಕೊಟ್ಟರು. ಇಪ್ಪತ್ತು ಜೀವಕೋಶ. ಇಪ್ಪತ್ತರಲ್ಲೂ ಹದಿನಾರನೆಯದು ಎರಡೇ. ನನ್ನ ಕಣ್ಣಿನ ತಪ್ಪಿರಬಹುದೆಂದು ಅವೇ ಕಾರ್ಡುಗಳನ್ನು ಮೊದಲಿಂದ ಮತ್ತೆ ಎಣಿಸಿದೆ. ಎಲ್ಲವೂ ಸರಿಯಾಗಿತ್ತು.

ಕಾರ್ಡುಗಳನ್ನು ಅವರ ಮೇಜಿನ ಮೇಲಿಟ್ಟೆ. "ಸರ್, ಇದರಲ್ಲಿ ಒಂದೂ ತಪ್ಪಿಲ್ಲ."

ನೋಡಿದರು. ಕನ್ನಡಕ ತೆಗೆದು ಒರೆಸಿದರು. ಅವತ್ತು ಬಹಳ ಹೊತ್ತು ಒರೆಸಿದರು.

"ಇದು ಮಗುವಿನ ಜೀವಕೋಶ ಅಲ್ಲ ಮಿಸ್," ಅಂದರು. ಮೂರು ವರ್ಷವೂ ಅವರಿಗೆ ನಾನು ಹೆಸರಿಲ್ಲದ ಮಿಸ್. "ತೆಗೆಯೋವಾಗ ತಾಯಿಯದು ಸೇರಿಬಿಟ್ಟಿದೆ. ಬೆಳೆದಿರೋದು ತಾಯಿ ಜೀವಕೋಶ. ಹಾಗಾಗೋದುಂಟು. ಫೈಲ್ ಮಾಡಿ."

ಹಾಗಾಗುವುದು ನಿಜವಾಗಿಯೂ ಉಂಟು. ನಾನು ನಂಬಿದೆ. ನಂಬಿದರೆ ಸಂಜೆ ಕೆಂಗೇರಿ ಬಸ್ಸು ಹಿಡಿದು ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ಫೈಲ್ ಮಾಡಿ ಮನೆಗೆ ಹೋದೆ.

ಅದಾದ ಮೇಲೆ ಒಂದು ವಿಚಿತ್ರ ನಡೆಯಿತು. ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ವೈದ್ಯಪತ್ರಿಕೆಗಳನ್ನು ಡಾಕ್ಟರು ಬಿಚ್ಚುತ್ತಲೇ ಇರಲಿಲ್ಲ. ಕಂದು ಕಾಗದದ ಆ ಕಟ್ಟುಗಳನ್ನು ಕಿಟಕಿ ಬಾಗಿಲು ಹೊಡೆದುಕೊಳ್ಳದಂತೆ ಆನಿಸಿಡಲು ಬಳಸುತ್ತಿದ್ದೆವು. ಒಂದು ಬೆಳಿಗ್ಗೆ ಬಂದು ನೋಡಿದರೆ ಅಷ್ಟೂ ಕಟ್ಟು ಬಿಚ್ಚಿದೆ, ಪುಟಗಳಲ್ಲಿ ಪೆನ್ಸಿಲ್ ಗೆರೆ. ಕಿಟಕಿ ದಬದಬ ಹೊಡೆದುಕೊಳ್ಳುತ್ತಿದೆ. ಡಾಕ್ಟರಿಗೆ ತಡವಾಗಿ ಓದಿನ ಹುಚ್ಚು ಹಿಡಿಯಿತು ಎಂದು ನನ್ನಷ್ಟಕ್ಕೆ ನಕ್ಕೆ.

ವರ್ಷ ಕಳೆದು ಮತ್ತೊಂದು ಕೇಸು ಬಂತು. ನಮ್ಮ ಕೆಂಗೇರಿ ಕಡೆಯ ಉಲ್ಲಾಳದ ಹೂವಿನ ತೋಟದವರು. ಸೊಸೆಗೆ ಮೊದಲ ಮಗು ಹುಟ್ಟಿ ತಿಂಗಳೊಳಗೆ ತೀರಿಹೋಗಿತ್ತು, ಈಗ ಎರಡನೆಯದು. ಜೊತೆಗೆ ಅತ್ತೆ. ಸೇವಂತಿಗೆ ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ಆಕೆ ಡಾಕ್ಟರ ಕೋಣೆಗೆ ನುಗ್ಗಿದರು.

"ಸ್ವಾಮಿ, ಗಂಡಾ ಎಣ್ಣಾ ಅಂತ ಒಂದ್ ಮಾತು ಏಳ್ಬುಡಿ. ಇನ್ನೇನೂ ಕೇಳಾಕಿಲ್ಲ."

"ಆಚೆ ಹೋಗಿ. ಇದು ಅಂಗಡಿಯಲ್ಲ."

ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನಗೆ ಕೇಳುವಂತೆ ಅಂದರು, "ಇವ್ನಿಗಿಂತ ನಮ್ಮೂರಿನ ದನದ್ ಡಾಕ್ಟ್ರು ವಾಸಿ ಕಣವ್ವ. ಎಣ್ಗರು ಆಯ್ತು ಅಂದ್ರೆ ನಮ್ಗಿಂತ ಮುಂಚೆ ಅವನೇ ಕುಸಿ ಪಡ್ತಾನೆ."

"ನೀವೂ ಹಾಗೇ ಖುಷಿ ಪಟ್ರೆ ಇಲ್ಲಿ ತನಕ ಬಂದು ಕೇಳೋ ಪ್ರಮೇಯಾನೇ ಇರ್ಲಿಲ್ವಲ್ಲ ಅಜ್ಜಿ," ಅಂದೆ.

"ನೀನು ಬಾಯ್ಮುಚ್ಕಂಡು ಕತ್ರುಸವ್ವ."

ಕತ್ತರಿಸಿದೆ. ಇಪ್ಪತ್ತರಲ್ಲಿ ಆರು ಜೀವಕೋಶದಲ್ಲಿ ಅದೇ ಹದಿನಾರನೆಯದು ಮೂರು. ಗಣಿತದ ಮೇಡಂ ಕಾರ್ಡುಗಳೇ ಮತ್ತೆ ಕೈಗೆ ಬಂದಂತಾಯಿತು. ತೆಗೆಸಿಬಿಡಿ ಎನ್ನುವ ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಡಾಕ್ಟರ ಮುಂದಿಟ್ಟೆ.

"ಕಾಯಲಿ," ಅಂದರು. "ನಾಲ್ಕು ತಿಂಗಳು ತುಂಬಲಿ. ನೀರು ತೆಗೆದು ನೋಡೋಣ."

"ಸರ್, ಮಾಸೂ ಮಗೂ ಒಂದೇ ಬೀಜ ಅಂದಿದ್ರಿ."

"ಮಾಸು ಬೇರೆ, ಮಗು ಬೇರೆ ಮಿಸ್. ಬೀಜ ಒಡೆದು ಕವಲಾದ ಮೇಲೆ ಮಾಸಿನ ಕಡೆ ಆದ ತಪ್ಪು ಎಷ್ಟೋ ಸಲ ಮಾಸಲ್ಲೇ ಉಳಿದುಬಿಡುತ್ತೆ. ಮಗು ಮುಟ್ಟಲ್ಲ. ಇಷ್ಟು ದಿನದಿಂದ ಇಲ್ಲಿದೀರಿ, ಇದೂ ಗೊತ್ತಿಲ್ವಾ?"

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಅದಕ್ಕೆ ಕೈ ಹಾಕಲೇ ಇಲ್ಲ. ನಾನು ಅವರ ಬಾಯಿಂದ ಕೇಳಿದ, ನಿಜವಾಗಿಯೂ ಗೊತ್ತಿದ್ದು ಆಡಿದ ಮೊದಲ ಮಾತು ಅದಿರಬೇಕು.

ನೀರಿನ ಪರೀಕ್ಷೆಯಲ್ಲಿ ಎಲ್ಲ ಎಳೆಗಳೂ ಸರಿಯಾಗಿ ಬಂದವು. ಮಾಸು ಹದಗೆಟ್ಟಿದ್ದರಿಂದ ಮಗುವಿಗೆ ಹೊಟ್ಟೆಯೊಳಗೆ ಸರಿಯಾಗಿ ಊಟ ಸಿಗಲಿಲ್ಲ; ದಿನ ತುಂಬುವ ಮೊದಲೇ, ಎರಡು ಕೆಜಿಗೂ ಕಡಿಮೆ ತೂಕದಲ್ಲಿ ಹುಟ್ಟಿ, ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಆದರೆ ಅತ್ತರೆ ಕೆಳಗಿನ ಮಹಡಿಯಿಂದ ಲ್ಯಾಬಿನವರೆಗೆ ಕೇಳಿಸುತ್ತಿತ್ತು. ಹೆಣ್ಣು.

"ದನದ ಡಾಕ್ಟ್ರಿಗೆ ಹೇಳಿ ಕಳಿಸ್ಲಾ ಅಜ್ಜಿ?" ಅಂದೆ.

ಆಕೆ ನನ್ನ ಬೆನ್ನಿಗೊಂದು ಗುದ್ದಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಹೆರಿಗೆಯ ದಿನ ಮಾಸನ್ನು ಬೇಸನ್ನಿನಲ್ಲಿಟ್ಟು ಮೇಲೆ ಕಳಿಸಿದ್ದರು, ಪರೀಕ್ಷೆಗೆ. ಉಲ್ಲಾಳದ ಅಜ್ಜಿ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ಅದನ್ನು ಮನೆಯ ಹಿತ್ತಲಲ್ಲಿ ಹೂಳದಿದ್ದರೆ ಕೂಸಿಗೆ ಹಾಲು ದಕ್ಕುವುದಿಲ್ಲವಂತೆ. ನಾನು ಐದು ಕಡೆ ಚೂರು ಕತ್ತರಿಸಿಕೊಂಡು ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಟ್ಟೆ. ಆಕೆ ಅದನ್ನು ಬುಟ್ಟಿಯಲ್ಲಿಟ್ಟು ಮೇಲೆ ಸೇವಂತಿಗೆ ಮುಚ್ಚಿದರು.

"ಬಸ್ಸಲ್ಲಿ ಕಂಡಕ್ಟರ್ ಏನಿದು ಅಂದ್ರೆ?"

"ಊವ ಅಂತೀನಿ. ಮೂಸಿ ನೋಡ್ತಾನಾ?"

ಆ ಐದು ಚೂರುಗಳಲ್ಲಿ ಮೂರು ಕಡೆ ತಪ್ಪು ಎಳೆ ಹಾಗೇ ಇತ್ತು. ಮಗುವಿನಲ್ಲಿ ಒಂದೂ ಇರಲಿಲ್ಲ.

ಮಗು ಪೆಟ್ಟಿಗೆಯಿಂದ ಹೊರಬಂದ ದಿನ ಉಲ್ಲಾಳದವರು ಡಾಕ್ಟರಿಗೆ ಶಾಲು ಹೊದಿಸಿ ಮೊಳಗಟ್ಟಲೆ ಹೂವಿನ ಹಾರ ಹಾಕಿದರು. ಡಾಕ್ಟರು ಕತ್ತು ಬಗ್ಗಿಸಿ ಹಾಕಿಸಿಕೊಂಡು, "ನಾನು ಮೊದಲಿಂದಲೂ ಹೇಳ್ತಾ ಬಂದಿರೋದು ಇದನ್ನೇ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೊದಲಿಂದ ಅಂದರೆ ಯಾವಾಗಿಂದ?

ಮಾರನೆಯ ಬೆಳಿಗ್ಗೆ ಅವರ ಕೋಣೆಗೆ ಹೋದೆ.

"ಸರ್, ಗಣಿತದ ಮೇಡಂದು ಬೆಂಕಿಪೊಟ್ಟಣ ನೋಡ್ಬೇಕು. ತೆಗೆದ ಮೇಲೆ ಬೆಳೆಸಿದ್ವಲ್ಲ, ಅದರದ್ದು."

"ಯಾಕೆ?"

"ಅದು ತಾಯಿಯ ಜೀವಕೋಶ ಅಂದಿದ್ರಿ. ಹೆಂಗಸಿನದಾದ್ರೆ ಕೊನೇ ಜೋಡಿ ಎರಡೂ ಉದ್ದದ ಎಳೆ. ಇದೆಯಾ ಅಂತ ನೋಡಿ ಮುಚ್ಚಿಟ್ಟುಬಿಡ್ತೀನಿ."

ಬೈದು ಹೊರಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಟೈ ಸಡಿಲಿಸಿದರು. ಷರಟಿನ ಮೇಲಿನ ಗುಂಡಿ ಬಿಚ್ಚಿ, ಜನಿವಾರ ಎಳೆದು, ಬೀಗದ ಕೈ ಹೊರಗೆ ತೆಗೆದರು. ಡ್ರಾಯರಿನಲ್ಲಿ ಹುಡುಕಲಿಲ್ಲ; ಆ ಪೊಟ್ಟಣ ಎಲ್ಲಕ್ಕಿಂತ ಮುಂದೆಯೇ ಇತ್ತು. ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು.

ತೆರೆದೆ. ಫೋಟೊ ಕಾಗದದ ಚೂರುಗಳು, ಇಪ್ಪತ್ತು ಜೋಡಿ. ಎಲ್ಲ ಜೋಡಿಯಲ್ಲೂ ಒಂದು ಉದ್ದ. ಇನ್ನೊಂದು ಕತ್ತರಿಸಿದ ಉಗುರಿನಷ್ಟು ಸಣ್ಣದು. ಯಾವ ಹೆಂಗಸಿನ ಮೈಯಲ್ಲೂ ಇರಲಾರದ ಚೂರು ಅದು. ಗಂಡುಮಗುವಿನದು. ತಾಯಿಯದಾಗಿರಲು ಸಾಧ್ಯವೇ ಇಲ್ಲ.

"ನಿಮಗೆ ಅವತ್ತೇ ಗೊತ್ತಿತ್ತು," ಅಂದೆ.

"ಕತ್ತರಿಸಿದ್ದು ನಾನೇ ಅಲ್ವಾ."

ನನಗೆ ಮೈ ಉರಿಯಿತು. ನಾನು ಕೈಮುಗಿಯುತ್ತಿದ್ದ ಒಂದೇ ಒಂದು ಗುಣದ ಹಿಂದೆ ಇವರು ತಮ್ಮ ತಪ್ಪನ್ನು ಬೀಗ ಹಾಕಿ ಇಟ್ಟಿದ್ದರು. ಆ ಹೆಂಗಸು ಕಾಯುತ್ತೇನೆ ಅಂದಿದ್ದರು. ಒಂದೂವರೆ ತಿಂಗಳು. ಗೊತ್ತಿಲ್ಲ, ಕಾದು ನೋಡೋಣ ಎಂಬ ಮಾತು ಈ ಬಾಯಿಂದ ಹೊರಟಿದ್ದರೆ ಆ ಮಗು ಇಷ್ಟು ಹೊತ್ತಿಗೆ ಅಂಬೆಗಾಲಿಡುತ್ತಿತ್ತು.

"ಅವರಿಗೆ ಹೇಳಲ್ವಾ?"

"ವಿಳಾಸ ಫೈಲಲ್ಲಿದೆ," ಅಂದರು. "ನಾನು ಹೋಗಿದ್ದೆ. ಗೇಟಿನ ತನಕ. ನೀವು ಹೋಗಿ ಹೇಳಿ ಬನ್ನಿ, ನಾನು ಬೇಡ ಅನ್ನಲ್ಲ." ನಾನು ಎದ್ದಾಗ ಹಿಂದಿನಿಂದ, "ಪೊಟ್ಟಣ ತಗೊಂಡು ಹೋಗಿ," ಅಂದರು.

ಹೇಡಿ ಎಂದುಕೊಂಡೆ. ಎದುರಿಗೇ ಅನ್ನಲಿಲ್ಲ ಎನ್ನುವುದೊಂದೇ ನಾನು ತೋರಿಸಿದ ಮರ್ಯಾದೆ.

ಅವತ್ತು ಸಂಜೆ ವಿಜಯನಗರಕ್ಕೆ ಹೋದೆ. ನಾನು ಗೇಟಿನಲ್ಲಿ ನಿಲ್ಲಲಿಲ್ಲ, ಒಳಗೇ ಹೋದೆ. ಅಷ್ಟು ಧೈರ್ಯ ನನಗಿತ್ತು. ವೆರಾಂಡದಲ್ಲಿ ಟ್ಯೂಷನ್ ಮಕ್ಕಳು ಕೂತಿದ್ದರು. ಮೇಡಂ ನನ್ನ ಗುರುತು ಹಿಡಿದು, ಒಳಗೆ ಕರೆದು, ಕಾಫಿ ಕೊಟ್ಟರು.

"ನಿಮ್ಮ ಡಾಕ್ಟ್ರು ಹೇಗಿದಾರಮ್ಮ?" ಅಂದರು. "ಅವತ್ತು ಅವರ ಮೇಲೆ ತುಂಬಾ ಕೋಪ ಬಂದಿತ್ತು ನಂಗೆ. ಈಗ ಯೋಚಿಸಿದ್ರೆ, ಖಡಾಖಂಡಿತವಾಗಿ ಹೇಳಿದ್ದೇ ಒಳ್ಳೇದಾಯ್ತು. ಹುಟ್ಟಿ ನರಳೋ ಮಗೂನ ನೋಡೋದು ತಪ್ಪಿಸಿದ್ರು. ಒಂದಿಷ್ಟು ಅನುಮಾನ ಉಳಿದಿದ್ರೂ ನಾನು ಇವತ್ತು ಹೀಗೆ ಎದ್ದು ಓಡಾಡ್ತಿರ್ಲಿಲ್ಲ ನೋಡು."

ಪೊಟ್ಟಣ ನನ್ನ ಬ್ಯಾಗಿನಲ್ಲಿತ್ತು. ಕಾಫಿ ಕುಡಿದೆ.

"ಏನು, ಈ ಕಡೆ ಬಂದಿದ್ದು?"

"ಇಲ್ಲೇ ನೆಂಟರ ಮನೆಗೆ ಬಂದಿದ್ದೆ ಮೇಡಂ."

ವಿಜಯನಗರದಲ್ಲಿ ನನಗೆ ಯಾವ ನೆಂಟರೂ ಇರಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋದಾಗ ಡಾಕ್ಟರು ಏನೂ ಕೇಳಲಿಲ್ಲ. ನನ್ನ ಮುಖ ನೋಡಿ ಒಂದು ಸಲ ತಲೆಯಾಡಿಸಿದರು, ತಮ್ಮ ಪಂಗಡಕ್ಕೆ ಹೊಸದಾಗಿ ಸೇರಿದವಳನ್ನು ಬರಮಾಡಿಕೊಂಡಂತೆ. ಅವರ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಆ ತಲೆಯಾಡಿಸಿದ್ದಕ್ಕೇ.

ಆರು ತಿಂಗಳಿಗೆ ಹೃದಯ ನಿಂತು ತೀರಿಕೊಂಡರು. ಸಂತಾಪ ಸಭೆಗೆ ಹೋದಾಗ ನಾನು ಮಾತಾಡಬೇಕೆಂದೇ ಹೋಗಿದ್ದೆ. ಹೊಗಳುವವರು ಹೊಗಳಲಿ, ನಾನು ಒಂದು ನಿಜ ಹೇಳಿ ಇಳಿಯುತ್ತೇನೆ ಎಂದು ಪೊಟ್ಟಣವನ್ನೂ ಒಯ್ದಿದ್ದೆ. ಮೂರನೇ ಸಾಲಿನಲ್ಲಿ ಕೂತಿದ್ದೆ. ನನ್ನ ಹೆಸರು ಕರೆಯುವುದಕ್ಕೆ ಸ್ವಲ್ಪ ಮುಂಚೆ ಪಕ್ಕದ ಖಾಲಿ ಕುರ್ಚಿಗೆ ಯಾರೋ ಬಂದು ಕೂತರು. ತಿರುಗಿ ನೋಡಿದರೆ ಗಣಿತದ ಮೇಡಂ. ಕೈಯಲ್ಲಿ ಒಂದು ಮೊಳ ಮಲ್ಲಿಗೆ, ಫೋಟೊಗೆ ಹಾಕಲು. ಹೆಸರು ಕರೆದಾಗ ಗಂಟಲು ಮುಟ್ಟಿ ತೋರಿಸಿ, ಕಟ್ಟಿದೆ ಎಂದುಬಿಟ್ಟೆ.

ಆಕೆ ಮಲ್ಲಿಗೆಯನ್ನು ಫೋಟೊಗೆ ಹಾಕಿ ಬಂದು ಕೂತರು. ಎಲ್ಲರೂ ಏಳುವಾಗ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಒಂದು ಸಲ ಅವರನ್ನ ಕೇಳಿದ್ದೆ, ಗಂಡೋ ಹೆಣ್ಣೋ ಅಂತ. ಹೋದ ಮೇಲೆ ಕೇಳಿ ಏನು ಮಾಡ್ತೀರಿ ಅಂದ್ರು. ಏನೂ ಇಲ್ಲ, ಮನಸ್ಸಲ್ಲಿ ಕರೆಯೋಕೆ ಒಂದು ಹೆಸರು ಬೇಕಿತ್ತು. ನಿಂಗೇನಾದ್ರೂ ಗೊತ್ತಾಮ್ಮಾ?"

ಬ್ಯಾಗು ನನ್ನ ಮಡಿಲಲ್ಲಿತ್ತು. ಗಂಡು ಎಂದರೆ, ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಆಕೆ ಗಣಿತದ ಮೇಡಂ. ಎರಡನೇ ಪ್ರಶ್ನೆ ಕೇಳದೆ ಬಿಡುವವರಲ್ಲ. ಒಂದು ಉತ್ತರದ ಹಿಂದೆ ಉಳಿದದ್ದೆಲ್ಲ ಬರುತ್ತದೆ.

ನಾನು ಕನ್ನಡಕ ತೆಗೆದೆ. ಸೆರಗಿನ ತುದಿಯಿಂದ ಒಂದು ಗಾಜು ಒರೆಸಿದೆ, ಇನ್ನೊಂದು ಗಾಜು ಒರೆಸಿದೆ.

"ನಮಗೂ ಹೇಳ್ತಿರ್ಲಿಲ್ಲ ಮೇಡಂ," ಅಂದೆ. "ಆ ವಿಷಯದಲ್ಲಿ ಅವರು ಬಹಳ ಸ್ಟ್ರಿಕ್ಟು."